ಸೊನ್ನೆ ಹಿಡಿಯದ ಜಾಗ

ಬಾಗಲಗುಂಟೆಯಲ್ಲಿ ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಮಡಿವಾಳಪ್ಪನಿಗೆ ಆದದ್ದು ಇದು.

ಆ ರಾತ್ರಿ ಅವನು ಪೀಣ್ಯದಿಂದ ನಡೆದೇ ಬರುತ್ತಿದ್ದ. ಕೊನೆಯ ತಿರುವಿನಲ್ಲಿ ಒಂದು ಹಳೇ ಬಾವಿ. ಚಪ್ಪಡಿ ಹಾಕಿ ಮುಚ್ಚಿದ್ದಾರೆ. ಪಕ್ಕದ ಆಲದ ಮರ ಮಾತ್ರ ಉಳಿದಿದೆ. ಬೀದಿದೀಪ ಕೆಟ್ಟಿತ್ತು. ನಾಯಿಗಳೂ ಬೊಗಳಲಿಲ್ಲ.

ಟಕ್... ಟಕ್... ಕ್ರ್ರ್...

ಸದ್ದು ಹೆಗಲ ಚೀಲದೊಳಗಿಂದ. ಚೀಲದಲ್ಲಿದ್ದದ್ದು ಊಟದ ಡಬ್ಬಿ, ಮತ್ತೆ ಒಂದು ಹಾರ್ಡ್ ಡಿಸ್ಕ್. ಕರೆಂಟಿಲ್ಲದೆ ಡಿಸ್ಕ್ ತಿರುಗುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು. ಅದೇ ಅವನ ಕಸುಬು.

ಕಂಪನಿಗಳ ಹಳೇ ಡಿಸ್ಕುಗಳನ್ನು ಅಳಿಸಿಕೊಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಡಿಲೀಟ್ ಮಾಡಿದರೆ ಏನೂ ಅಳಿಯುವುದಿಲ್ಲ; ಹೆಸರು ಹೋಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಅದಕ್ಕೇ ಡಿಸ್ಕಿನ ಈ ತುದಿಯಿಂದ ಆ ತುದಿಗೆ ಬರೀ ಸೊನ್ನೆ ಬರೆಯಬೇಕು. ಆಮೇಲೆ ಓದಿ ನೋಡಬೇಕು. ಆದರೆ ಹಳೇ ಡಿಸ್ಕು ತನ್ನ ಕೆಟ್ಟ ಜಾಗವನ್ನು ತಾನೇ ಮುಚ್ಚಿಟ್ಟುಕೊಂಡಿರುತ್ತದೆ. ಅಲ್ಲಿ ಸೊನ್ನೆ ಹಿಡಿಯುವುದಿಲ್ಲ. ಅಂಥದ್ದನ್ನು ಪುಡಿ ಮಾಡಲೇಬೇಕು.

ಈ ಡಿಸ್ಕನ್ನು ಸಂಜೆ ತಂದುಕೊಟ್ಟವನು ಪಕ್ಕದ ರಸ್ತೆಯ ತಗಡಿನ ಫ್ಯಾಕ್ಟರಿ ಮಾಲೀಕ ಕೃಷ್ಣಪ್ಪ. ಫ್ಯಾಕ್ಟರಿಯ ಸಿಸಿ ಕ್ಯಾಮೆರಾದ ಡಿಸ್ಕು. ಅವನ ಫ್ಯಾಕ್ಟರಿಯಲ್ಲಿ ಗೌರಿ ಅನ್ನುವ ಹುಡುಗಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಸತ್ತದ್ದು ಎಲ್ಲರಿಗೂ ಗೊತ್ತು. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಆ ಪ್ರೆಸ್ಸು ಇಳಿಯಬೇಕು. ಒಳಗೆ ಕೈ ಇರಬಾರದು ಅಂತಲೇ ಆ ಏರ್ಪಾಡು. ಅವಳು ಸತ್ತ ದಿನ ಒಂದು ಗುಂಡಿಯನ್ನು ಯಾರೋ ಒತ್ತಿ ಟೇಪು ಸುತ್ತಿಟ್ಟಿದ್ದರು. ಕೆಲಸ ಬೇಗ ಸಾಗಲಿ ಅಂತ.

"ಟೇಪು ಸುತ್ಕೊಂಡಿದ್ದು ಅವಳೇ," ಅಂದಿದ್ದ ಕೃಷ್ಣಪ್ಪ. ಕೇಸು ಅಲ್ಲಿಗೇ ಮುಗಿಯಿತು. ಗೌರಿಯ ತಾಯಿ ಅಂಜನಮ್ಮ ಮಾತ್ರ ದಿನಾ ಫ್ಯಾಕ್ಟರಿ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ಮಡಿವಾಳಪ್ಪ ಸೊನ್ನೆ ಬರೆದ. ಓದಿ ನೋಡಿದ. ಒಂದು ಜಾಗದಲ್ಲಿ ಸೊನ್ನೆ ಹಿಡಿದಿರಲಿಲ್ಲ... ಅಂಗಡಿಯ ಪುಡಿ ಮಾಡುವ ಮಿಷನ್ ರಿಪೇರಿಗೆ ಹೋಗಿತ್ತು.

"ನಮ್ ಪ್ರೆಸ್ಸಲ್ಲೇ ಅಪ್ಪಚ್ಚಿ ಮಾಡಾನ, ಬೆಳಗ್ಗೆ ತಕ್ಕೊಂಡ್ ಬಾ," ಅಂದ ಕೃಷ್ಣಪ್ಪ. "ಇಲ್ಲಿ ಬಿಟ್ಟೋಗ್ಬೇಡ. ನಮ್ಮನೇಲೂ ಅದ್ನ ಇಕ್ಕಳಾಕಿಲ್ಲ. ನಿನ್ ತಾವೇ ಇರ್ಲಿ."

ಹಾಗೆ ಅದು ಚೀಲಕ್ಕೆ ಬಂದಿತ್ತು.

ಟಕ್... ಟಕ್... ಬಾವಿಯ ಹತ್ತಿರ ಸದ್ದು ನಿಂತಿತು. ಹಿಂದಿನಿಂದ ಮೆಲ್ಲಗೆ...

"ಅಣ್ಣಾ..."

ಅವನು ತಿರುಗಲಿಲ್ಲ. "ಯಾರು?"

"ಟೇಪು ನಾನ್ ಸುತ್ತಿಲ್ಲ ಅಣ್ಣ."

ಅವನು ಬಿರಬಿರನೆ ಹೆಜ್ಜೆ ಹಾಕಿದ; ದನಿ ಬೆನ್ನಿಗೇ ಬಂತು.

"ನಾಳೆ ನೀನು ಏನೂ ಮುಟ್ಬೇಡ... ಅವನ ಕೈ ನಂಗೆ ಬೇಕು."

ಬೆಳಗ್ಗೆ ಹೋಗದೆ ಇರಬಹುದಿತ್ತು. ಹೋದ. ಆ ಡಿಸ್ಕನ್ನು ರೂಮಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಅವನಿಗೂ ಇರಲಿಲ್ಲ.

ಕೃಷ್ಣಪ್ಪ ಕೆಲಸದವರನ್ನು ಟೀಗೆ ಕಳಿಸಿ ಒಬ್ಬನೇ ನಿಂತಿದ್ದ. ಡಿಸ್ಕನ್ನು ತಾನೇ ಪ್ರೆಸ್ಸಿನೊಳಗೆ ಇಟ್ಟ.

"ಮೇನ್ ಸ್ವಿಚ್ ಆಕಿ ಗುಂಡಿ ಒತ್ತು."

"ನಾನ್ ಮುಟ್ಟಲ್ಲ ಸಾರ್."

"ಏನ್ಲಾ, ಇಷ್ಟಗಲ ಡಬ್ಬಕ್ಕೆ ಎದುರ್ಕೊಂಡ್ಯಾ? ಓಗು, ಸೀರೆ ಉಟ್ಕೋ!"

ಮಡಿವಾಳಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಟಕ್... ಟಕ್... ಡಿಸ್ಕು ಅಲುಗಿತು. ಓರೆಯಾಯಿತು. ನೆಟ್ಟಗೆ ಮಾಡಲು ಕೃಷ್ಣಪ್ಪ ಬಲಗೈ ಚಾಚಿದ.

ಧಡ್!

ಒಂದೇ ಸದ್ದು. ಆಮೇಲೆ ಕಿರುಚಾಟ. ಓಡಿಬಂದ ಕೆಲಸದವರು ಮೊದಲು ಮೇನ್ ಸ್ವಿಚ್ ನೋಡಿದರು. ಅದು ಆಫ್ ಆಗಿತ್ತು.

ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಜೀವ ಉಳಿಯಿತು. ಡಿಸ್ಕಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಮಡಿವಾಳಪ್ಪ ಅದನ್ನು ಪುಡಿ ಮಾಡಲಿಲ್ಲ. ಅಂಗಡಿಗೆ ತಂದು, ಸೊನ್ನೆ ಹಿಡಿಯದ ಆ ಜಾಗವನ್ನು ಓದಿಸಿದ. ವಿಡಿಯೋದ ಒಂದು ಸಣ್ಣ ತುಣುಕು ಸಿಕ್ಕಿತು. ಅಂಜನಮ್ಮನನ್ನು ಕರೆಸಿ ಕೂರಿಸಿದ. ಗೌರಿ ಸತ್ತ ದಿನದ ಬೆಳಗ್ಗೆ ಅದು. ಖಾಲಿ ಶೆಡ್ಡು. ಕೃಷ್ಣಪ್ಪ ಬರುತ್ತಾನೆ, ಪ್ರೆಸ್ಸಿನ ಗುಂಡಿಗೆ ಟೇಪು ಸುತ್ತುತ್ತಾನೆ, ಹೋಗುತ್ತಾನೆ.

"ನನ್ ಮಗಳಲ್ಲ," ಅಂದಳು ಅಂಜನಮ್ಮ. "ನೋಡ್ದೇನಪ್ಪಾ... ನನ್ ಮಗಳಲ್ಲ." ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರ ಪೊಲೀಸ್ ಸ್ಟೇಷನ್ನಿಗೆ ನಡೆದಳು.

ಕೇಸು ಮತ್ತೆ ತೆರೆದಿದೆ. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಮಡಿವಾಳಪ್ಪ ಇಟ್ಟುಕೊಂಡ ಪ್ರತಿಯಲ್ಲಿ ಆ ತುಣುಕನ್ನು ನಾನೂ ನೋಡಿದ್ದೇನೆ. ಅದು ಕೃಷ್ಣಪ್ಪನಿಗೆ ಎರಡೂ ಕೈ ಇದ್ದ ಕಾಲದ ವಿಡಿಯೋ, ನೆನಪಿರಲಿ. ಆದರೂ ಅದರಲ್ಲಿ ಅವನು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ. ಎಡಗೈಯೊಂದರಲ್ಲೇ ಸುತ್ತುತ್ತಾನೆ. ಬಲಗಡೆ, ಅಂಗಿಯ ತೋಳಿನ ತುದಿಯಲ್ಲಿ... ಕೈ ಇಲ್ಲ.