ದೇವರಿಗೆ ತಾಳ ತಪ್ಪೂದಿಲ್ಲ

ಅಧ್ಯಕ್ಷರಾದ ಹುಚ್ಚೀರಪ್ಪನವರೇ, ಈ ಸೆಕೆಯಲ್ಲೂ ಹೊದಿಸಿದ ಶಾಲು ತೆಗೆಯದೆ ಕುಳಿತಿರುವ ನಮ್ಮ ಹೆಜ್ಜೆಮೇಳದ ಗುರುಗಳಾದ ಅಂದಪ್ಪ ಮಾಸ್ತರರೇ, ಮುಂಡರಗಿಯಿಂದ ಬಂದ ಅತಿಥಿಗಳೇ, ಹಿರೇವಡ್ಡಟ್ಟಿಯ ಹಿರಿಯರೇ, ತಾಯಂದಿರೇ, ಸಭಿಕರೇ,

ಯುವಕ ಮಂಡಳದವರು ನನಗೆ ಕೊಟ್ಟದ್ದು ವಂದನಾರ್ಪಣೆ. ಎರಡು ಮಾತು ಹೇಳಿ ಇಳಿ ಎಂದಿದ್ದಾರೆ. ಆದರೆ ವಂದಿಸುವ ಮೊದಲು, ಬಹಳ ದಿನ ಮುಚ್ಚಿಟ್ಟ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಐದು ವರ್ಷದ ಹಿಂದೆ ಮೊಹರಮ್ಮಿನಲ್ಲಿ ಈ ಮುರ್ತುಜಾನ, ಅಂದರೆ ನನ್ನ, ಮೈಮೇಲೆ ದೇವರು ಬಂತು ಎಂದು ನೀವೆಲ್ಲ ಕೈ ಮುಗಿದಿರಲ್ಲ, ಅಂದು ದೇವರು ಬಂದಿರಲಿಲ್ಲ. ಬಂದದ್ದು ರೋಗ.

ಕುಂಡ್ರಿ, ಕುಂಡ್ರಿ. ಗದ್ದಲ ಮಾಡಿದರೆ ನನ್ನ ಎರಡು ಮಾತು ನಾಲ್ಕಾಗುತ್ತವೆ.

ಅತಿಥಿಗಳಿಗೆ ಮೊದಲಿನಿಂದ ಹೇಳುತ್ತೇನೆ. ನಮ್ಮೂರ ಮೊಹರಮ್ಮಿಗೆ ಜಾತಿ ಇಲ್ಲ. ದೇವರು ಕೂಡುವುದು ನಮ್ಮ ಮಸೂತಿಯಲ್ಲಿ, ಹೆಜ್ಜೆ ಕಲಿಸುವವರು ಅಂದಪ್ಪ ಮಾಸ್ತರರು. ಹುಡುಗರು ಸಾಲಾಗಿ ನಿಂತು, ಪದ ಹಾಡುತ್ತ, ಒಂದೇ ಕಾಲು ಎತ್ತಿ ಒಂದೇ ಕಾಲು ಇಡಬೇಕು. ಒಬ್ಬ ತಪ್ಪಿದರೆ ಇಡೀ ಸಾಲು ಕುಂಟುತ್ತದೆ. ಆಗ ನನಗೆ ಹದಿನಾಲ್ಕು ವರ್ಷ, ಸಾಲಿನ ಮುಂದಿನ ಹುಡುಗ. ದೇವರು ಹೊಳೆಗೆ ಹೋಗುವ ದಿನ, ಸುಡು ಮಧ್ಯಾಹ್ನ, ಪಕ್ಕದಲ್ಲೇ ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ, ಕೆಂಡ. ಕುಣಿಯುತ್ತ ಕುಣಿಯುತ್ತ ಬಲಗಾಲು ನನ್ನದಲ್ಲ ಅನ್ನಿಸಿತು. ನಾನು ಎತ್ತು ಅಂದರೆ ಅದು ಎತ್ತಲೊಲ್ಲದು. ಮೈ ಓಲಾಡಿತು. ತಲೆ ಎತ್ತಿ ನೋಡಿದರೆ, ದೇವರೆಂದು ಹಿಡಿಯುವ ಕೈಯಾಕಾರದ ಪಂಜಾ ಒಂದಿದ್ದಲ್ಲಿ ಎರಡು.

"ಎರಡೆರಡು ದೇವರು ಕಾಣಾಕತ್ತಾವು!" ಎಂದು ಕೂಗಿದೆ. ಹೆದರಿ ಕೂಗಿದ್ದು. ಕೇಳಿದವರಿಗೆ ಅದು ಹೆದರಿಕೆ ಅನ್ನಿಸೀತೆ? ಮೊಹರಮ್ಮಿನ ದಿನ ಓಲಾಡುವ ಹುಡುಗ, ಮೇಲೆ ಎರಡು ದೇವರು ಕಂಡವೆನ್ನುತ್ತಾನೆ! ಯಮನೂರಪ್ಪ ಕಾಕಾ ಮೊದಲು ಬಂದು ಕಾಲಿಗೆ ಬಿದ್ದರು. "ಯಪ್ಪಾ, ನನ್ನ ಎತ್ತು ತಪ್ಪಿಸಿಕೊಂಡೈತಿ, ಎಲ್ಲೈತಿ ಹೇಳೋ" ಎಂದರು. ನನಗೆ ನೀರಡಿಕೆ. ನೀರಿನ ಕೊಡ ಇದ್ದ ಕಡೆ ಕೈ ತೋರಿಸಿದೆ. ಕೊಡ ಇದ್ದದ್ದು ಡಂಬಳದ ದಿಕ್ಕಿಗೆ. ಎತ್ತು ಸಿಕ್ಕದ್ದೂ ಡಂಬಳದಲ್ಲಿ. ಕಾಕಾ, ಆ ಎತ್ತಿಗೆ ನಾನು ಹೊಣೆಯಲ್ಲ.

ಆಮೇಲೆ ಪದ್ಧತಿಯಂತೆ ತಲೆಯ ಮೇಲೆ ತಣ್ಣೀರು ಸುರಿದಿರಿ. ಮೈ ತಂಪಾಯಿತು, ಕಾಲು ಮರಳಿ ಬಂತು, ಎದ್ದು ನಿಂತೆ. "ದೇವರು ಇಳೀತು" ಎಂದಿರಿ. ಒಬ್ಬರು ಮಾತ್ರ ಕೈ ಮುಗಿಯಲಿಲ್ಲ. ಅಂದಪ್ಪ ಮಾಸ್ತರರು ನನ್ನ ಕಿವಿ ಹಿಡಿದು, "ಲೇ, ದೇವರು ಬಂದಿದ್ರ ತಾಳ ತಪ್ಪತಿದ್ದಿಲ್ಲ. ದೇವರಿಗೆ ತಾಳ ತಪ್ಪೂದಿಲ್ಲ. ನಿನಗ ಏನೋ ಆಗೈತಿ" ಎಂದರು.

ಆಗಿತ್ತು. ಶಾಲೆಯ ಹಲಗೆಯ ಮೇಲಿನ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತವು. ತಿಂಗಳು ಕಳೆದು ತಾವೇ ಇಳಿದವು. ಒಂದು ವಾರ ಓಡುವ ಹುಡುಗ ಇನ್ನೊಂದು ವಾರ ಗೋಡೆ ಹಿಡಿದು ನಡೆದರೆ ಯಾರು ನಂಬುತ್ತಾರೆ? ಶಾಲೆಯಲ್ಲಿ ಸೋಗು ಎಂದರು, ಮನೆಯಲ್ಲಿ ದೇವರು ಎಂದರು. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟೆ. ಖರೆ ಹೇಳಬೇಕೆಂದರೆ ಅದಕ್ಕೆ ಕಣ್ಣು ಅರ್ಧ ಕಾರಣ, ಗಣಿತ ಅರ್ಧ. ರೋಗದ ಮೇಲೆ ಇಲ್ಲದ ಅಪವಾದ ಹೊರಿಸಬಾರದು.

ದೇವರಲ್ಲ ಎಂದು ನಾನು ಯಾಕೆ ಹೇಳಲಿಲ್ಲ? ಒಮ್ಮೆ ಹೇಳಿದೆ. "ದೇವರು ಹಂಗ ಪರೀಕ್ಷೆ ಮಾಡತೈತಿ" ಎಂದು ಇನ್ನೊಮ್ಮೆ ಕೈ ಮುಗಿದಿರಿ. ಎರಡನೆಯ ಸಲ ಹೇಳುವ ಧೈರ್ಯವಾಗಲಿಲ್ಲ. ಕುಂಟನೆಂದು ಗೊತ್ತಾದರೆ ಮೇಳದಿಂದ ತೆಗೆಯುತ್ತೀರಿ ಎಂಬ ಹೆದರಿಕೆ. ಮಾಸ್ತರರು ತೆಗೆಯಲಿಲ್ಲ. "ಕಾಲು ರಜಾ ಹಾಕಿದ್ರ ಹಾಕ್ಲಿ, ದನಿ ಹಾಜರ ಐತಲ್ಲ" ಎಂದು ಕಟ್ಟೆಯ ಮೇಲೆ ಕೂರಿಸಿ ಪದ ಹೇಳಲು ಹಚ್ಚಿದರು. ಇಂದಿನ ಶಾಲು ಹೆಜ್ಜೆ ಕಲಿಸಿದ್ದಕ್ಕೆ ಎಂದು ನೀವು ತಿಳಿದಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಹೆಜ್ಜೆ ತಪ್ಪಿದವನನ್ನು ಕೈಬಿಡದ್ದಕ್ಕೆ.

ಇನ್ನು ಈ ಮೈಕು, ಭೋಂಗಾ ಕಟ್ಟಿದ ಗದಗಿನ ಲಾಡಸಾಬ ಚಾಚಾರಿಗೆ ವಂದನೆ. ಹೋದ ವರ್ಷ ಇದೇ ಮೈಕಿನ ಮುಂದೆ ನಾನು ಪದ ಹೇಳುತ್ತಿದ್ದಾಗ, "ಏನಲೇ, ಒಂದ ಕಣ್ಣು ಮುಚ್ಚಿ ಹಾಡ್ತೀ?" ಎಂದು ಕೇಳಿದರು. "ಎರಡೂ ತೆರದ್ರ ನೀವು ಇಬ್ಬರು ಕಾಣ್ತೀರಿ ಚಾಚಾ" ಎಂದೆ. "ಒಬ್ಬ ಲಾಡಸಾಬನ್ನ ನಮ್ಮ ಮನಿಯಾಕಿ ತಾಳಾಂಗಿಲ್ಲ, ಇಬ್ಬರನ್ನ ಎಲ್ಲಿ ಇಡೂದು? ನಡಿ ಡಾಕ್ಟರ ಕಡೆ" ಎಂದು ಹುಬ್ಬಳ್ಳಿಗೆ ಒಯ್ದರು. ಅಲ್ಲಿಂದ ಬೆಂಗಳೂರಿನ ದೊಡ್ಡ ದವಾಖಾನೆಗೆ ಕಳಿಸಿದರು. ಬೆನ್ನಿನಿಂದ ನೀರು ತೆಗೆದು ನೋಡಿ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ಬಹಳ ಮಂದಿಗೆ ಪ್ರಾಯ ಬಂದ ಮೇಲೆ ಬರುವುದು, ನನಗೆ ಅವಸರ ಮಾಡಿ ಬಂದಿದೆ. ಹೆಸರು ಕೇಳಿ ಮಾಸ್ತರರು, "ಇದನ್ನ ತಾಳಕ್ಕ ಕೂಡಿಸಾಕ ಬರೂದಿಲ್ಲ ಬಿಡು" ಎಂದರು. ಚಾಚಾ ತಿಳಿಸಿ ಹೇಳಿದರು: "ನರ ಅನ್ನೂ ವೈರಿನ ಮ್ಯಾಲಿನ ಕವಚ ಅಲ್ಲಲ್ಲಿ ಕಿತ್ತೈತಿ. ಕರೆಂಟ್ ಐತಿ, ಹಾದ್ಯಾಗ ಸೋರತೈತಿ." ಮೈ ಕಾದರೆ ಹೆಚ್ಚು ಸೋರುತ್ತದೆ, ತಂಪಾದರೆ ಸುಧಾರಿಸುತ್ತದೆ. ಪೂರಾ ಹೋಗುವ ರೋಗವಲ್ಲ ಎಂದೂ ಡಾಕ್ಟರು ಹೇಳಿದ್ದಾರೆ. ಅದನ್ನು ಮುಚ್ಚಿಡುವುದಿಲ್ಲ.

ಈಗ ಮುಖ್ಯ ಮಾತು. ಚಾಚಾ ನನಗೆ ಕೆಲಸ ಕೊಟ್ಟಿದ್ದಾರೆ. ನೆರಳಿನ ಟಾಂಗಾದಲ್ಲಿ ಕುಳಿತು ಗದಗ ಬೆಟಗೇರಿ ತುಂಬ ಸಿನಿಮಾದ ಪ್ರಚಾರ ಕೂಗುವುದು. ಕುಳಿತಲ್ಲಿ ಕೂರದವನಿಗೆ, ನಡೆಯಲು ಬಾರದ ದಿನವೂ ಊರು ತಿರುಗುವ ಕೆಲಸ ಇದಕ್ಕಿಂತ ಯಾವುದು ಸಿಕ್ಕೀತು? ಆದರೆ ನನ್ನ ತಾಯಿ ಅಮೀನಬಿ, "ದೇವರು ಬಂದ ಮಗನ್ನ ಊರು ಬಿಡಿಸಿದ್ರ ಮಂದಿ ಏನಂದಾರು?" ಎಂದು ಹಟ ಹಿಡಿದಳು. ನಿನ್ನೆ ಇಷ್ಟಕ್ಕೆ ಇಳಿದಳು: "ಮಂದಿ ಮುಂದ ಖರೆ ಹೇಳು. ಮಂದಿ ಒಪ್ಪಿದ್ರ ನಾನೂ ಒಪ್ಪತೇನಿ."

ಹೇಳಿದ್ದೇನೆ. ಈ ವರ್ಷ ನನ್ನ ಕೈಗೆ ಕೊಡಬೇಕೆಂದಿದ್ದ ದೇವರ ಪಂಜಾವನ್ನು ಬೇರೆಯವರು ಹಿಡಿಯಲಿ, ಅದು ಬಲಗಾಲು ಗಟ್ಟಿ ಇದ್ದವರ ಸೇವೆ. ನಾನು ಹೋಗುವುದು ಬೇಡ ಎನ್ನುವವರು ದಯಮಾಡಿ ಎದ್ದು ನಿಲ್ಲಿ.

ಯಮನೂರಪ್ಪ ಕಾಕಾ, ನೀವು ಎದ್ದದ್ದು ಎಲೆ ಅಡಿಕೆ ಉಗುಳಲಿಕ್ಕಲ್ಲವೆ? ಹಂಗಾದರೆ ಸರಿ. ಉಗುಳಿ ಬಂದು ಕುಂಡ್ರಿ.

ಯಾರೂ ನಿಂತಿಲ್ಲ. ತಾಯಂದಿರ ಸಾಲಿನ ಕೊನೆಯಲ್ಲಿ ಅಮ್ಮ ಇದ್ದಾಳೆ. ಸೆಕೆ ಬಹಳವಾಗಿದೆ, ನನಗೆ ಇಲ್ಲಿಂದ ಇಬ್ಬರು ಅಮ್ಮಂದಿರು ಕಾಣುತ್ತಿದ್ದಾರೆ. ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೂಂ ಎನ್ನುತ್ತಿದ್ದಾರೆ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಮಾಸ್ತರರಿಗೆ, ಚಾಚಾರಿಗೆ, ಅಂದು ತಣ್ಣೀರು ಸುರಿದ ಎಲ್ಲರಿಗೆ ವಂದನೆಗಳು. ನಾಳೆ ಮುಂಜಾನೆಯ ಬಸ್ಸಿಗೆ ಗದಗಿಗೆ ಹೋಗುತ್ತೇನೆ. ನಮಸ್ಕಾರ.