ಗಿಡ್ಡ ಕುದುರೆಗೆ ಎಷ್ಟು ಬೆರಳು?

ಕೇಳ್ರಪ್ಪ, ಕೇಳ್ರವ್ವ. ಬೆಟ್ಟಕ್ಕೆ ಹೆಸರಿಡದ ಕಾಲ, ಊರಿಗೆ ಬೇಲಿ ಹಾಕದ ಕಾಲ. ಒಂದು ಸೀಮೆಯಲ್ಲಿ ತಿರುಕವ್ವ ಅಂತ ಒಬ್ಬಳು ಗಿಡ್ಡ ಕುದುರೆ ಸಾಕುತ್ತಿದ್ದಳು. ಎಂಥ ಗಿಡ್ಡ? ಪಕ್ಕದಲ್ಲಿ ನಿಂತರೆ ಮೇಕೆಯೇ ಎತ್ತರ! ಹತ್ತೋಕಾಗಲ್ಲ, ಹೊರೆ ಹೊರಿಸೋಕಾಗಲ್ಲ. ಸಿರಿವಂತರ ಅಂಗಳದ ಆಟಿಕೆ, ಅಷ್ಟೇ. ಅವರ ಮನಸ್ಸು ತಿರುಗಿದ ಹಾಗೆ ಬೆಲೆಯೂ ತಿರುಗುತ್ತಿತ್ತು.

ಆ ಸೀಮೆಯ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ದಲ್ಲಾಳಿ ಸಂಕಣ್ಣ ನಡುವೆ ನಿಲ್ಲುವನು. ಎಡಗೈಲಿ ಮಾರುವವರ ಕೈ, ಬಲಗೈಲಿ ಕೊಳ್ಳುವವರ ಕೈ, ಎರಡರ ಮೇಲೂ ಒಂದೊಂದು ವಲ್ಲಿ ಬಟ್ಟೆ. ವಲ್ಲಿಯ ಕೆಳಗೆ ಎಷ್ಟು ಬೆರಳು ಹಿಡಿದನೋ ಅಷ್ಟು ಚೀಲ ಜೋಳ. ಎಷ್ಟಕ್ಕೆ ಹೋಯಿತು ಅಂತ ಯಾರೂ ಕೇಳಬಾರದು, ಯಾರೂ ಹೇಳಬಾರದು. ಅದು ಮರ್ಯಾದೆಯಂತೆ! ಯಾರ ಮರ್ಯಾದೆ?

ಮೊದಲ ವರ್ಷ ತಿರುಕವ್ವ ಕರಿ ಮರಿ ತಂದಳು. "ಕರಿದು ಯಾರಿಗೆ ಬೇಕವ್ವ? ಈಗ ಬಿಳಿದರ ಕಾಲ," ಅಂದ ಸಂಕಣ್ಣ. ಎರಡು ಬೆರಳು ಹಿಡಿದ.

ಮರುವರ್ಷ ಬಿಳಿ ಮರಿ ತಂದಳು. "ಬಿಳಿದು ಮನೆಮನೆಯಲ್ಲೂ ಇದೆ. ಈಗ ಚುಕ್ಕೆಯದರ ಕಾಲ." ಎರಡೇ ಬೆರಳು.

ತಾಯಿ ಕುದುರೆಗೆ ಚುಕ್ಕೆ ಗಂಡು ಹುಡುಕಿಕೊಂಡು ಏಳು ಹಳ್ಳ ದಾಟಿ ಹೋದಳು. ಕಾಲು ಸೋತಿತು, ಕಣ್ಣು ಸೋತಿತು, ಆಸೆಯೂ ಸೋತಿತು. ಮೂರನೇ ವರ್ಷ ಚುಕ್ಕೆ ಮರಿ ತಂದಳು. ಕೊಳ್ಳೋಕೆ ಒಬ್ಬ ಸಾಹುಕಾರ ಬಂದು ನಿಂತ. ಮೂರು ಚೀಲ ಜೋಳ ಸಿಗದಿದ್ದರೆ ತಾಯಿ ಕುದುರೆಯನ್ನೂ ಮಾರಬೇಕು. ತಾಯಿಯೇ ಹೋದರೆ ಇನ್ನೇನು ಉಳೀತು?

"ಅಯ್ಯೋ ತಿರುಕವ್ವ, ಪೇಟೆ ಬಿದ್ದೋಯ್ತು. ಈಗೆಲ್ಲ ಮೊಲ ಸಾಕ್ತಾರೆ!" ಒಂದು ಬೆರಳು.

ಅದಾಗಲೇ ಮರಿ ಮಾರಿದ ಮೀರಾಸಾಬ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. "ನಿನಗೆಷ್ಟು ಬಂತು?" ಅಂದಳು.

"ಕೇಳಬಾರದು, ಅಕ್ಕ."

ಬಡವರ ಸಿಟ್ಟು ದವಡೆಗೆ ಮೂಲ ಅಂತಾರೆ. ಅಂದವರು ಯಾರು? ದವಡೆಗೆ ಹೊಡೆಯುವವರು! ತಿರುಕವ್ವ ಕೂಗಲಿಲ್ಲ. ಕೂಗೋಕೆ ಕಸುವೂ ಇರಲಿಲ್ಲ.

"ಪೇಟೆ ಎಲ್ಲಿ ಬಿತ್ತು, ಅಣ್ಣ? ನೋಡೇ ಬಿಡೋಣ."

ಬಿಡುವಾಗಿದ್ದ ಕೈಯಿಂದ ಎರಡೂ ವಲ್ಲಿ ಎಳೆದಳು.

ಸಂಕಣ್ಣನ ಎಡಗೈಲಿ ಅವಳ ಒಂದು ಬೆರಳು. ಬಲಗೈಲಿ ಸಾಹುಕಾರನ ಐದೂ ಬೆರಳು!

"ಏನಯ್ಯಾ, ಐದು ಅವಳೇ ಕೇಳಿದ ಬೆಲೆ ಅಂದೆಯಲ್ಲ?" ಅಂದ ಸಾಹುಕಾರ.

"ಮುಚ್ಚವ್ವ! ಸಂತೆ ಮೈಲಿಗೆಯಾಯ್ತು!" ಅಂತ ಸಂಕಣ್ಣ ಬೊಬ್ಬೆ ಹಾಕಿದ.

"ಮೈಲಿಗೆ ನೀನೇ ತೊಳ್ಕೊ. ನನಗೆ ಜೋಳ ಬೇಕು."

ಮೀರಾಸಾಬ ಮೆಲ್ಲಗೆ ಒಂದು ಬೆರಳು ಎತ್ತಿದ, ಅವನಿಗೆ ಬಂದದ್ದು ಅಷ್ಟೇ. ಹಿಂದಿನಿಂದ ಯಾರೋ ಎರಡು ಎತ್ತಿದರು. ನಾಚಿಕೆಯಿಂದ ಮಡಚಿಟ್ಟ ಬೆರಳುಗಳೆಲ್ಲ ಮೇಲೆದ್ದವು. ಸಂಕಣ್ಣ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಈಗ ನಡುವೆ ದಲ್ಲಾಳಿ ಇಲ್ಲವಲ್ಲ, ನಾಲ್ಕಕ್ಕೆ ಕೊಡು," ಅಂದ ಸಾಹುಕಾರ.

"ನೀನೂ ಅವನ ಅಣ್ಣನೇ ಬಿಡು. ಹಾಕು ನಾಲ್ಕು."

ತಾಯಿ ಕುದುರೆ ಉಳಿಯಿತು. ತಿರುಕವ್ವ ನಗಲಿಲ್ಲ. ಜೋಳದ ಚೀಲಕ್ಕೆ ಒರಗಿ, ಅಲ್ಲೇ, ಸಂತೆಯ ನಡುವೆಯೇ ನಿದ್ದೆಹೋದಳು.

ಹೇಳಿದವರಿಗೆ ಒಂದು ಗುಟುಕು ನೀರು, ಕೇಳಿದವರಿಗೆ ಒಂದು ಹಿಡಿ ಸಿಟ್ಟು. ಕಥೆ ಅಲ್ಲಿ, ನಾವು ಇಲ್ಲಿ.