ನಿಧಾನವಾಗಿ ತಿಂದದ್ದು

ನಗೋರು ಈಗಲೇ ನಕ್ಕುಬಿಡಿ. ಇದು ನಮ್ಮ ಅಕ್ಕನಿಗೆ, ಅಂದ್ರೆ ದೊಡ್ಡಪ್ಪನ ಮಗಳಿಗೆ, ಆದದ್ದು.

ಅಕ್ಕ ಕಾಡಿನ ಕಾವಲುಗಾರ್ತಿ. ಚಿರತೆ ಕೊಂದ ಪ್ರಾಣಿಯ ಕಾಲಿಗೆ ಗಂಟೆ ಕಟ್ಟಿ, ಅದು ಬಂದು ಹೇಗೆ ತಿನ್ನುತ್ತೆ ಅಂತ ದೂರದಿಂದ ಕೇಳೋದು ಅವಳ ಕೆಲಸ. ಹಸಿದದ್ದು, ಹೆದರಿದ್ದು ಗಬಗಬ ತಿನ್ನುತ್ತೆ, ಗಂಟೆ ಜೋರು; ಹೆದರಿಕೆ ಇಲ್ಲದ್ದು ನಿಧಾನಕ್ಕೆ ತಿನ್ನುತ್ತೆ, ಗಂಟೆ ಬಿಟ್ಟು ಬಿಟ್ಟು. ದಾರಿಯಲ್ಲಿ ಸದ್ದಾಗಬಾರದು ಅಂತ ಗಂಟೆಯೊಳಗೆ ಬಟ್ಟೆ ತುರುಕಿಕೊಂಡು ಹೋಗ್ತಾಳೆ.

ಅವತ್ತು ಸತ್ತಿದ್ದು ಅವಳ ಅತ್ತೆಯ ಕರು. ಸಂಜೆ ಗಂಟೆ ಕಟ್ಟಿ ಬಂದಳು. ರಾತ್ರಿ ನೋಡಿದರೆ ತಾಯಿ ಹಸು ಹಗ್ಗ ಕಿತ್ತುಕೊಂಡು ಹೋಗಿದೆ! ಮನೆಗಿದ್ದದ್ದು ಅದೊಂದೇ ಹಸು. ಅತ್ತೆ ಸೊಸೆ ಹುಡುಕಿ, ಹಿಡಿದು, ವಾಪಸ್ ಬರ್ತಿದ್ರು. ಹಾಳು ಬಾವಿ ಹತ್ತಿರ ಹಸು ನಿಂತುಬಿಡ್ತು. ಬಾವಿಯ ಆಚೆ ಪೊದೆಯಲ್ಲೇ ಕರು ಬಿದ್ದಿದ್ದು.

ಟಿಣ್...

...ಟಿಣ್...

ಹಸು ಪೊದೆಯ ಕಡೆಗೇ ಜಗ್ಗಿತು.

"ಚಿರತೆ ಕಣೇ, ಬಿಡು ಹಗ್ಗ," ಅಂದ್ರು ಅತ್ತೆ, ಪಿಸುದನಿಯಲ್ಲಿ.

"ಅಲ್ಲ ಅತ್ತೆ. ನಮ್ಮ ವಾಸನೆ ಬಂದ್ರೆ ಅದು ಅವಸರ ಪಡುತ್ತೆ, ಇಲ್ಲಾ ಓಡುತ್ತೆ. ಇದಕ್ಕೆ ಯಾರ ಹೆದರಿಕೆನೂ ಇಲ್ಲ..."

ತಲೆ ಮೇಲೆ ಕರ... ಕರ... ಉಗುರು ತೊಗಟೆ ಕೆರೆಯೋ ಸದ್ದು. ಅಕ್ಕ ಟಾರ್ಚ್ ಎತ್ತಿದಳು. ಆಲದ ಕೊಂಬೆಗೆ ಚಿರತೆ ಅವುಚಿಕೊಂಡಿತ್ತು. ನಡುಗ್ತಿತ್ತು. ಇವರನ್ನ ನೋಡ್ಲೇ ಇಲ್ಲ, ಪೊದೆಯನ್ನೇ ನೋಡ್ತಿತ್ತು.

ಅತ್ತೆಗೆ ಜೀವ ಬಾಯಿಗೆ ಬಂತು. ಅಕ್ಕನಿಗೆ ಬಂದದ್ದು ಸಿಟ್ಟು. ಹಗ್ಗ ಸೊಂಟಕ್ಕೆ ಸುತ್ತಿಕೊಂಡು, ದೊಣ್ಣೆಯಿಂದ ಬಾವಿ ಕಟ್ಟೆಗೆ ಬಾರಿಸಿದಳು. ಠಕ್! ಠಕ್!

"ಏಯ್! ಕರು ತಿಂತಿದ್ದೀಯ, ತಿನ್ನು. ಹಸು ನಮ್ದು! ನೀನು ಮುಗಿಸೋವರೆಗೂ ಇಲ್ಲೇ ನಿಂತಿರ್ತೀನಿ, ಏನು ಮಾಡ್ಕೋತೀಯೋ ಮಾಡ್ಕೋ!"

ಗಂಟೆ ನಿಂತಿತು. ಎಷ್ಟೋ ಹೊತ್ತು... ಆಮೇಲೆ ಟಿಣ್ಟಿಣ್ಟಿಣ್ಟಿಣ್, ಒಂದೇ ಸಮನೆ, ಗಬಗಬ.

"ಕೇಳಿದ್ರಾ ಅತ್ತೆ? ಹೆದರಿತು!" ಅಂತ ಅಕ್ಕ ನಕ್ಕಳಂತೆ. ಸದ್ದು ಅಡಗಿತು. ಹಸು ತಾನಾಗೇ ಮನೆ ಕಡೆ ತಿರುಗಿತು.

ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಬರೀ ಮೂಳೆ ಉಳಿದಿತ್ತು. ಕಾಲಿನ ಮೂಳೆಯಲ್ಲಿ ಗಂಟೆ, ಕಟ್ಟಿದ್ದು ಕಟ್ಟಿದ ಹಾಗೇ. ಅಲ್ಲಾಡಿಸಿದೆ. ಸದ್ದೇ ಇಲ್ಲ. ಹಿಂದಿನ ಸಂಜೆ, ಕತ್ತಲಾಗುತ್ತೆ ಅನ್ನೋ ಅವಸರದಲ್ಲಿ ಅಕ್ಕ ಗಂಟೆಯೊಳಗಿನ ಬಟ್ಟೆ ತೆಗೆಯೋದನ್ನೇ ಮರೆತಿದ್ದಳು.

ಆ ಬಟ್ಟೆ ಎಳೆದು ತೆಗೆದದ್ದು ಈ ಕೈಯೇ ಕಣ್ರೀ. ಬಿಗಿಯಾಗಿತ್ತು. ಎರಡು ಸಲ ಎಳೀಬೇಕಾಯ್ತು.